ಹಳೆಯ ಪುಸ್ತಕದ ಮಳಿಗೆ: ದಾಸ್ತಾನು ಮತ್ತು ಲಾಭದ ವಿಚಾರ

(ಉಪನ್ಯಾಸ)

 

ಜೂನ್ ತಿಂಗಳು ಕಾಲಿಟ್ಟಿತೆಂದರೆ ಬೆಂಗಳೂರಿನ ಅವಿನ್ಯೂ ರಸ್ತೆಯಲ್ಲಿ ಹಳೆಯ ಪುಸ್ತಕಗಳ ಮಳಿಗೆಗಳ ಮುಂದೆ ಜನಸಂದಣಿಯು ಹೆಚ್ಚುವುದು. ಕೈಯಲ್ಲಿ ಒಂದು ಚೀಟಿ, ಜೇಬಿನಲ್ಲಿ ಎಣಿಸಿ ತಂದ ಹಣ, ಪಕ್ಕದಲ್ಲಿ ಊರಿನಿಂದ ಬಂದ ತಂದೆ; ಹೀಗೆ ಬಂದು ನಿಲ್ಲುವ ಹುಡುಗರು ಅನೇಕರು. ಹೊಸದಾಗಿ ಕೊಂಡರೆ ೫೦೦ ರೂಪಾಯಿಯಾಗುವ ಪುಸ್ತಕವು ಅಲ್ಲಿ ೨೦೦ ರೂಪಾಯಿಗೆ ದೊರೆತಾಗ ಆ ತಂದೆಯ ಮುಖದಲ್ಲಿ ತೋರುವ ನೆಮ್ಮದಿಯನ್ನು ಕಂಡವರೇ ಬಲ್ಲರು. ಮಠಗಳ ಉಚಿತ ಪ್ರಸಾದನಿಲಯಗಳಲ್ಲಿದ್ದು ಓದುವ ವಿದ್ಯಾರ್ಥಿಗಳಿಗೆ ಅನ್ನವೂ ವಸತಿಯೂ ದಾನಿಗಳ ಔದಾರ್ಯದಿಂದ ಒದಗುತ್ತಿವೆ. ಆದರೆ ಮೇಲಿನ ತರಗತಿಗಳ ಪುಸ್ತಕಗಳಿಗಾಗಿ ಅವರಲ್ಲಿ ಎಷ್ಟೋ ಮಂದಿ ಇಂತಹ ಮಳಿಗೆಗಳನ್ನೇ ನೆಚ್ಚಿಕೊಂಡಿರುವರು. ಆದುದರಿಂದ ಈ ಮಳಿಗೆಗಳು ಬಾಳುವುದೂ ಅಳಿಯುವುದೂ ಕೇವಲ ವ್ಯಾಪಾರಿಯ ಮನೆಯ ವಿಷಯವಲ್ಲ.

ಇನ್ನು ಮಳಿಗೆಯ ಒಳಗಡೆ ನಿಂತವನ ಸ್ಥಿತಿಯನ್ನು ವಿಚಾರಿಸಬೇಕು. ಐದಾರು ವರುಷ ದುಡಿದ ಒಬ್ಬ ವ್ಯಾಪಾರಿಯಿರುವನೆಂದು ಭಾವಿಸಬಹುದು. ಅವನ ಹಲಗೆಗಳಲ್ಲಿ ಒಂದು ಪುಸ್ತಕವನ್ನು ತುರುಕಲೂ ಎಡೆಯಿಲ್ಲ. ಗಿರಾಕಿಗಳು ಬಂದುಹೋಗುತ್ತಿರುವರು. ಅವನಿಗೆ ದುರಭ್ಯಾಸಗಳಿಲ್ಲ. ಹೀಗಿದ್ದರೂ ಸ್ವಂತ ಮಗಳ ಕಾಲೇಜಿನ ಫೀಜು ಕಟ್ಟುವ ದಿನ ಬಂದಾಗ ಗಲ್ಲಾಪೆಟ್ಟಿಗೆಯಲ್ಲಿ ಹಣವಿಲ್ಲ. "ಇಷ್ಟು ವರುಷ ವ್ಯಾಪಾರ ಮಾಡಿದೆನಲ್ಲ, ಲಾಭವು ಎಲ್ಲಿ ಹೋಯಿತು?" ಎಂದು ಅವನು ತಲೆಯ ಮೇಲೆ ಕೈಯಿಟ್ಟು ಕುಳಿತುಕೊಳ್ಳುವನು. ಕಳ್ಳರು ಬಂದಿಲ್ಲ, ಬೆಂಕಿ ಬಿದ್ದಿಲ್ಲ. ಹಾಗಾದರೆ ಆ ಹಣವೆಲ್ಲಿ? ಈ ಪ್ರಶ್ನೆಗೆ ಉತ್ತರವನ್ನು ಹುಡುಕುವುದೇ ಇಂದಿನ ಉಪನ್ಯಾಸದ ಉದ್ದೇಶ. ಪುಸ್ತಕದ ಮಳಿಗೆಗೆ ಸಲ್ಲುವ ಮಾತು ಹಳೆಯ ಪಾತ್ರೆ, ಹಳೆಯ ಬಟ್ಟೆ, ಹಳೆಯ ಪೀಠೋಪಕರಣಗಳನ್ನು ಕೊಂಡು ಮಾರುವವರಿಗೂ ಬಹುಮಟ್ಟಿಗೆ ಸಲ್ಲುವುದು.

ಮೊದಲನೆಯದಾಗಿ, ಹಳೆಯ ವಸ್ತುವಿನ ವ್ಯಾಪಾರಕ್ಕೂ ಹೊಸ ವಸ್ತುವಿನ ವ್ಯಾಪಾರಕ್ಕೂ ಇರುವ ಭೇದವನ್ನು ಅರಿಯತಕ್ಕದ್ದು. ಹೊಸ ಪುಸ್ತಕವನ್ನು ಮಾರುವವನಿಗೆ ಪ್ರಕಾಶಕನು ಬೆಲೆಯನ್ನು ಅಚ್ಚುಹಾಕಿ ಕೊಡುವನು, ಬೇಕಾದಷ್ಟು ಪ್ರತಿಗಳನ್ನು ಬೇಕಾದಾಗ ಕಳುಹಿಸುವನು. ಹಳೆಯ ಪುಸ್ತಕದವನಿಗೆ ಇವೆರಡೂ ಇಲ್ಲ. ಸರಕು ಯಾವಾಗ ಬರುವುದೋ, ಎಷ್ಟು ಬರುವುದೋ ಅವನ ಕೈಯಲ್ಲಿಲ್ಲ. ಒಂದೊಂದು ಪ್ರತಿಯೂ ಬೇರೆ ಬೇರೆ. ಒಂದರ ರಟ್ಟು ಹರಿದಿದೆ, ಇನ್ನೊಂದರಲ್ಲಿ ಅಂಚಿನ ತುಂಬ ಬರವಣಿಗೆ, ಮತ್ತೊಂದು ಹೊಸದರಂತೆಯೇ ಇದೆ. ಮಾರ್ಚಿ ಏಪ್ರಿಲ್ ತಿಂಗಳಲ್ಲಿ ಪರೀಕ್ಷೆಗಳು ಮುಗಿದೊಡನೆ ಮಾರುವವರು ಮುಗಿಬೀಳುವರು. ಕೊಳ್ಳುವವರು ಬರುವುದು ಜೂನಿನಲ್ಲಿ. ಈ ನಡುವಣ ಎರಡು ತಿಂಗಳು ವ್ಯಾಪಾರಿಯ ಹಣವೆಲ್ಲ ಹಲಗೆಯ ಮೇಲೆ ಮಲಗಿರುವುದು. ಯಾವನು ಈ ಎರಡು ತಿಂಗಳಲ್ಲಿ ಎಚ್ಚರದಿಂದ ಕೊಳ್ಳುವನೋ ಅವನ ವರುಷವೆಲ್ಲ ಸುಖವಾಗಿ ಸಾಗುವುದು. ಯಾವನು ಕಂಡದ್ದನ್ನೆಲ್ಲ ಕೊಳ್ಳುವನೋ ಅವನಿಗೆ ವರುಷವೆಲ್ಲ ಪಶ್ಚಾತ್ತಾಪವೇ ಗತಿ.

ಲೆಕ್ಕವಿಲ್ಲದೆ ಮಾತು ನಿಲ್ಲದು. ಆದಕಾರಣ ಒಂದು ಮಳಿಗೆಯ ಲೆಕ್ಕವನ್ನು ಉದಾಹರಣೆಗಾಗಿ ಕಲ್ಪಿಸಿಕೊಳ್ಳಬಹುದು. ಇಲ್ಲಿ ಹೇಳುವ ಅಂಕಿಗಳು ರೀತಿಯನ್ನು ತೋರಿಸುವುದಕ್ಕಾಗಿ ಮಾತ್ರ. ಪ್ರತಿಯೊಬ್ಬನೂ ತನ್ನ ತನ್ನ ಅಂಕಿಗಳನ್ನು ಹಾಕಿಕೊಳ್ಳಬೇಕು. ಮಳಿಗೆಯ ಬಾಡಿಗೆ ತಿಂಗಳಿಗೆ ೮,೦೦೦ ರೂಪಾಯಿ, ಅರ್ಧ ದಿನ ಬಂದುಹೋಗುವ ಸಹಾಯಕನಿಗೆ ೬,೦೦೦, ದೀಪ, ಸಾಗಣೆ, ಚೀಲ, ದಾರ ಮುಂತಾದವುಗಳಿಗೆ ೨,೦೦೦, ಒಟ್ಟು ೧೬,೦೦೦. ವ್ಯಾಪಾರಿಯ ಮನೆಯ ವೆಚ್ಚಕ್ಕೆ ೧೪,೦೦೦ ಬೇಕು. ಸರಾಸರಿಯಲ್ಲಿ ಒಂದು ಪುಸ್ತಕವನ್ನು ೧೨೦ಕ್ಕೆ ಕೊಂಡು ೨೦೦ಕ್ಕೆ ಮಾರುವನು, ಉಳಿಯುವುದು ೮೦. ಮಳಿಗೆಯ ಖರ್ಚು ಹುಟ್ಟಬೇಕಾದರೆ ತಿಂಗಳಿಗೆ ೨೦೦ ಪುಸ್ತಕಗಳು ಹೋಗಬೇಕು. ಮನೆಯೂ ನಡೆಯಬೇಕಾದರೆ ೩೭೫ ಪುಸ್ತಕಗಳು ಹೋಗಬೇಕು. ಎಂದರೆ, ಮೊದಲಿನ ಇನ್ನೂರು ಪುಸ್ತಕಗಳವರೆಗೆ ವ್ಯಾಪಾರಿಯು ಮಳಿಗೆಯ ಆಳು. ಇನ್ನೂರ ಒಂದನೆಯ ಪುಸ್ತಕದಿಂದ ತನ್ನ ಸಂಸಾರದ ಯಜಮಾನ.

ಇಲ್ಲಿ ಒಂದು ಸಂಗತಿಯನ್ನು ಚೆನ್ನಾಗಿ ಮನಗಾಣಬೇಕು. ಒಬ್ಬ ಗಿರಾಕಿಯು ೨೦೦ ರೂಪಾಯಿಯನ್ನು ಕೈಯಲ್ಲಿಟ್ಟಾಗ ವ್ಯಾಪಾರಿಗೆ ಇನ್ನೂರು ರೂಪಾಯಿಯೂ ತನ್ನದೆಂದು ತೋರುವುದು. ನಿಜವಾಗಿ ಅದರಲ್ಲಿ ೧೨೦ ಅಸಲು. ಅದು ಮತ್ತೊಂದು ಪುಸ್ತಕವಾಗಿ ಹಲಗೆಗೆ ಮರಳಬೇಕಾದದ್ದು. ಉಳಿದ ೮೦ರಲ್ಲಿ ಸುಮಾರು ೪೩ ಮಳಿಗೆಯ ವೆಚ್ಚಕ್ಕೆ ಸಲ್ಲತಕ್ಕದ್ದು. ಮನೆಗೆ ಒಯ್ಯಬಹುದಾದದ್ದು ಸುಮಾರು ೩೭ ರೂಪಾಯಿ ಮಾತ್ರ. ಇನ್ನೂರರಲ್ಲಿ ಮೂವತ್ತೇಳು! ಸಂಜೆ ಗಲ್ಲಾಪೆಟ್ಟಿಗೆಯಿಂದ ಕೈಗೆ ಬಂದಷ್ಟನ್ನು ತೆಗೆದು ತರಕಾರಿಗೆ, ಔಷಧಕ್ಕೆ, ನೆಂಟರ ಉಪಚಾರಕ್ಕೆ ಕೊಡುವವನು ತನಗೆ ಅರಿವಿಲ್ಲದೆಯೇ ಅಸಲನ್ನು ಉಣ್ಣುತ್ತಿರುವನು. ಬಿತ್ತನೆಯ ಬೀಜವನ್ನು ಬೀಸಿ ರೊಟ್ಟಿ ಮಾಡಿಕೊಂಡ ರೈತನಿಗೂ ಅವನಿಗೂ ಭೇದವಿಲ್ಲ.

ಇದಕ್ಕೆ ಪರಿಹಾರವು ಬಹಳ ಸುಲಭವಾದದ್ದು. ಮೂರು ಡಬ್ಬಿಗಳನ್ನಿಡಬೇಕು: ಒಂದು ಅಸಲಿಗೆ, ಒಂದು ಮಳಿಗೆಯ ವೆಚ್ಚಕ್ಕೆ, ಒಂದು ಮನೆಗೆ. ಪ್ರತಿ ಸಂಜೆ ಬಂದ ಹಣವನ್ನು ಅದರದರ ಪ್ರಮಾಣಕ್ಕೆ ತಕ್ಕಂತೆ ಹಂಚಿಡಬೇಕು. ಗಿರಾಕಿಯು ಫೋನಿನ ಮೂಲಕ ಹಣ ಸಲ್ಲಿಸುವ ಈ ಕಾಲದಲ್ಲಿ ಬ್ಯಾಂಕಿನಲ್ಲಿ ಎರಡು ಖಾತೆಗಳನ್ನಿಟ್ಟರೂ ಸಾಕು. ಮಳಿಗೆಯ ಖಾತೆ ಬೇರೆ, ಮನೆಯ ಖಾತೆ ಬೇರೆ. ಜೂನ್ ಜುಲೈ ತಿಂಗಳ ಸುಗ್ಗಿಯಲ್ಲಿ ಬಂದ ಹಣದಿಂದಲೇ ಫೆಬ್ರುವರಿಯ ಬರಗಾಲವನ್ನು ಕಳೆಯಬೇಕಾದುದರಿಂದ, ಮನೆಗೆ ಒಯ್ಯುವ ಹಣವು ಸುಗ್ಗಿಯಲ್ಲಿಯೂ ಬರದಲ್ಲಿಯೂ ಒಂದೇ ಸಮನಾಗಿರುವುದು ಲೇಸು. ವ್ಯಾಪಾರಿಯು ತನಗೆ ತಾನೇ ಸಂಬಳವನ್ನು ಗೊತ್ತುಮಾಡಿಕೊಂಡಂತೆ ಇದು.

ಇನ್ನು ದಾಸ್ತಾನಿನ ವಿಚಾರ. ಹಲಗೆಗಳು ತುಂಬಿರುವುದನ್ನು ಕಂಡು ಸಂತೋಷಪಡುವುದು ವ್ಯಾಪಾರಿಯ ಸಹಜ ಸ್ವಭಾವ. ಆದರೆ ಹಲಗೆಯ ಮೇಲಿನ ಎಡೆಗೂ ಒಂದು ಬೆಲೆಯುಂಟು. ಮೇಲೆ ಹೇಳಿದ ಮಳಿಗೆಯಲ್ಲಿ ೧,೬೦೦ ಪುಸ್ತಕಗಳು ಹಿಡಿಯುವವೆಂದು ಭಾವಿಸಿದರೆ, ತಿಂಗಳ ವೆಚ್ಚವಾದ ೧೬,೦೦೦ವನ್ನು ಅವುಗಳ ಮೇಲೆ ಹಂಚಿದಾಗ ಒಂದೊಂದು ಪುಸ್ತಕವೂ ತಾನು ಕುಳಿತ ಸ್ಥಳಕ್ಕಾಗಿ ತಿಂಗಳಿಗೆ ೧೦ ರೂಪಾಯಿ ಬಾಡಿಗೆಯನ್ನು ತೆರಬೇಕಾಗುವುದು. ಎರಡು ಪುಸ್ತಕಗಳನ್ನು ಹೋಲಿಸಿ ನೋಡಬಹುದು. ಮೊದಲನೆಯದನ್ನು ೧೦೦ಕ್ಕೆ ಕೊಂಡು ಒಂದೇ ತಿಂಗಳಲ್ಲಿ ೧೫೦ಕ್ಕೆ ಮಾರಿದನು. ಲಾಭ ೫೦; ಸ್ಥಳದ ಬಾಡಿಗೆ ೧೦ನ್ನು ಕಳೆದರೆ ೪೦ ಉಳಿಯಿತು. ಎರಡನೆಯದನ್ನೂ ೧೦೦ಕ್ಕೆ ಕೊಂಡು, ಎರಡು ವರುಷ ಕಾದು, ೨೫೦ಕ್ಕೆ ಮಾರಿದನು. ನೋಡುವವರಿಗೆ ೧೫೦ ರೂಪಾಯಿಯ ಲಾಭ. ಆದರೆ ಇಪ್ಪತ್ತನಾಲ್ಕು ತಿಂಗಳ ಬಾಡಿಗೆ ೨೪೦! ಲಾಭದ ಮಾತು ಹಾಗಿರಲಿ, ೯೦ ರೂಪಾಯಿಯ ನಷ್ಟವೇ ಆಯಿತು. ಎಂಬತ್ತು ರೂಪಾಯಿಯ ಲಾಭವನ್ನು ತರಬೇಕಾದ ಪುಸ್ತಕವು ಎಂಟು ತಿಂಗಳು ಕುಳಿತರೆ ತನ್ನ ಲಾಭವನ್ನು ತಾನೇ ತಿಂದು ಮುಗಿಸಿದಂತಾಯಿತು.

ಈ ಲೆಕ್ಕಕ್ಕೆ ಒಂದು ಪರಿಮಿತಿಯುಂಟು. ಆ ಸ್ಥಳಕ್ಕೆ ಬರಲು ಬೇರೆ ಒಳ್ಳೆಯ ಪುಸ್ತಕವು ಕಾದಿರುವಾಗ ಮಾತ್ರ ಇದು ಪೂರ್ಣವಾಗಿ ಸಲ್ಲುವುದು. ಹಲಗೆಯು ಬರಿದಾಗಿದ್ದರೆ ಕುಳಿತ ಪುಸ್ತಕದಿಂದ ಅಷ್ಟು ಹಾನಿಯಿಲ್ಲ. ಆದರೆ ಮಾರ್ಚಿ ತಿಂಗಳಲ್ಲಿ ಒಳ್ಳೆಯ ಸರಕು ಬಾಗಿಲಿಗೆ ಬಂದಾಗ "ಇಡಲು ಸ್ಥಳವಿಲ್ಲ" ಎಂದು ಹಿಂದಕ್ಕೆ ಕಳುಹಿಸುವ ವ್ಯಾಪಾರಿಯು ಕಳೆದ ಮೂರು ವರುಷಗಳ ಮೋಹಕ್ಕೆ ಈ ವರುಷದ ಲಾಭವನ್ನು ದಂಡವಾಗಿ ತೆರುತ್ತಿರುವನೆಂಬುದರಲ್ಲಿ ಸಂದೇಹವಿಲ್ಲ.

ಸ್ಥಳವು ಕಿರಿದಾದಷ್ಟೂ ಬುದ್ಧಿಯು ಹರಿತವಾಗುವುದೆಂಬುದಕ್ಕೆ ಪರದೇಶದ ಒಂದು ನಿದರ್ಶನವುಂಟು. ಪ್ಯಾರಿಸ್ ಪಟ್ಟಣದಲ್ಲಿ ಸೇನ್ ನದಿಯ ದಂಡೆಯ ಗೋಡೆಯ ಮೇಲೆ ಹಸುರು ಬಣ್ಣದ ಪೆಟ್ಟಿಗೆಗಳನ್ನಿಟ್ಟು ಹಳೆಯ ಪುಸ್ತಕಗಳನ್ನು ಮಾರುವವರಿದ್ದಾರೆ. ೧೮೫೯ರಲ್ಲಿ ನಗರಾಡಳಿತವು ಅವರಿಗೆ ಸ್ಥಳಗಳನ್ನು ಕ್ರಮವಾಗಿ ಗೊತ್ತುಮಾಡಿಕೊಟ್ಟಿತು. ೧೮೯೧ರಲ್ಲಿ ರಾತ್ರಿಯೂ ಪೆಟ್ಟಿಗೆಗಳನ್ನು ಅಲ್ಲಿಯೇ ಬಿಡಲು ಅಪ್ಪಣೆಯಾಯಿತು. ಒಬ್ಬನಿಗೆ ನಾಲ್ಕೇ ಪೆಟ್ಟಿಗೆಗಳು; ಅವುಗಳಲ್ಲಿ ಒಂದರಲ್ಲಿ ಮಾತ್ರ ಪ್ರವಾಸಿಗರ ಆಟಿಕೆ ಮುಂತಾದ ಅನ್ಯ ವಸ್ತುಗಳನ್ನಿಡಬಹುದು. ೨೦೨೪ರ ಒಲಿಂಪಿಕ್ ಉತ್ಸವಕ್ಕಾಗಿ ಈ ಪೆಟ್ಟಿಗೆಗಳಲ್ಲಿ ಬಹಳಷ್ಟನ್ನು ತೆಗೆಯಿಸಬೇಕೆಂಬ ಯೋಚನೆ ಹುಟ್ಟಿತ್ತು. ಆ ವರುಷದ ಫೆಬ್ರುವರಿಯಲ್ಲಿ ಅದನ್ನು ಕೈಬಿಡಲಾಯಿತು. ಗೋಡೆಯ ಮೇಲಿನ ನಾಲ್ಕು ಪೆಟ್ಟಿಗೆಗಳಲ್ಲಿ ಜೀವನ ಸಾಗಿಸತಕ್ಕವನು ಒಂದೊಂದು ಪುಸ್ತಕವನ್ನೂ ಒಳಗಿಡುವ ಮುನ್ನ "ಇದರ ಬದಲು ಹೊರಹೋಗುವುದು ಯಾವುದು?" ಎಂದು ಕೇಳಿಕೊಳ್ಳಲೇಬೇಕು. ದೊಡ್ಡ ಮಳಿಗೆಯವನೂ ಇದನ್ನು ಕೇಳಿಕೊಂಡರೆ ಕೆಡಕೇನೂ ಇಲ್ಲ.

ಈ ಸಂದರ್ಭದಲ್ಲಿ ಆಯ್ದಕ್ಕಿ ಲಕ್ಕಮ್ಮನ ಕಥೆಯು ನೆನಪಿಗೆ ಬರುವುದು ಸಹಜ. ಪತಿಯಾದ ಮಾರಯ್ಯನು ಒಂದು ದಿನ ನಿತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಹೆಚ್ಚಿನದನ್ನು ಹಿಂದಕ್ಕೆ ಸುರಿದುಬರುವಂತೆ ಆ ಮಹಾತಾಯಿಯು ಹೇಳಿದಳೆಂಬುದು ಸಭಿಕರೆಲ್ಲರೂ ಬಲ್ಲ ಸಂಗತಿ. ವ್ಯಾಪಾರಿಯು ನಾಳೆಗಾಗಿ ಕೂಡಿಡಲೇಬೇಕಾದುದರಿಂದ ಆ ನಿಯಮವನ್ನು ಅಕ್ಷರಶಃ ಪಾಲಿಸಲಾರನು. ಆದರೂ ಲಕ್ಕಮ್ಮನು ಕೇಳಿದ "ಇಷ್ಟು ಏತಕ್ಕೆ?" ಎಂಬ ಪ್ರಶ್ನೆಯನ್ನು ಖರೀದಿಯ ಹೊತ್ತಿನಲ್ಲಿ ಕೇಳಿಕೊಳ್ಳುವುದಕ್ಕೆ ಅವನಿಗೆ ಅಡ್ಡಿಯೇನು? ಅಗ್ಗವಾಗಿ ದೊರೆಯಿತೆಂಬುದು ಕೊಳ್ಳುವುದಕ್ಕೆ ಕಾರಣವಾಗಲಾರದು, ಮಾರಿಹೋಗುವುದೆಂಬುದೇ ಕಾರಣ.

ಹಾಗಾದರೆ ಯಾವುದು ಮಾರಿಹೋಗುವುದು, ಯಾವುದು ಕುಳಿತುಬಿಡುವುದು? ಪಠ್ಯಪುಸ್ತಕಕ್ಕೆ ಹಾಲಿನಂತೆ ಆಯುಷ್ಯವುಂಟು. ಪಠ್ಯಕ್ರಮವು ಬದಲಾದೊಡನೆ ಅದು ಹುಳಿಯುವುದು. ಕರ್ನಾಟಕದಲ್ಲಿ ಇಂಜಿನಿಯರಿಂಗ್ ವಿದ್ಯೆಯನ್ನು ನಿಯಂತ್ರಿಸುವ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯವು ೨೦೧೫, ೨೦೧೮, ೨೦೨೧, ೨೦೨೨ ಹೀಗೆ ಆಗಾಗ ಹೊಸ ಪಠ್ಯಯೋಜನೆಗಳನ್ನು ತಂದಿತು. ಹಳೆಯ ಯೋಜನೆಗಾಗಿಯೇ ಬರೆದ ಕೈಪಿಡಿಗಳನ್ನು ರಾಶಿಯಾಗಿ ಕೊಂಡಿಟ್ಟವರಿಗೆ ಪ್ರತಿ ಸಲವೂ ಏಟು ಬೀಳುವುದು. ಗಣಿತ, ಯಂತ್ರಶಾಸ್ತ್ರಗಳ ಮೂಲಗ್ರಂಥಗಳನ್ನು ಇಟ್ಟವನಿಗೆ ಅಷ್ಟು ಭಯವಿಲ್ಲ. ಅಧ್ಯಾಯಗಳ ಕ್ರಮ ಬದಲಾದರೂ ಶಾಸ್ತ್ರವು ಬದಲಾಗುವುದಿಲ್ಲ.

ಇದಕ್ಕಿಂತ ಕಣ್ತೆರೆಯಿಸುವ ನಿದರ್ಶನವು ಕಾನೂನಿನ ಪುಸ್ತಕಗಳದು. ೧೮೬೦ರ ಭಾರತೀಯ ದಂಡಸಂಹಿತೆಯು ನೂರರವತ್ತು ವರುಷಗಳಿಗೂ ಮೀರಿ ಬಾಳಿತು. ಅದರ ವ್ಯಾಖ್ಯಾನಗ್ರಂಥಗಳನ್ನು ಹಳೆಯ ಪುಸ್ತಕದವರು ಬಂಗಾರದಂತೆ ನಂಬಿದ್ದರು. ೨೦೨೩ರ ಡಿಸೆಂಬರ್ ತಿಂಗಳಲ್ಲಿ ಭಾರತೀಯ ನ್ಯಾಯ ಸಂಹಿತೆಯು ಶಾಸನವಾಯಿತು. ಅದು ೨೦೨೪ರ ಜುಲೈ ೧ರಿಂದ ಜಾರಿಗೆ ಬರುವುದೆಂದು ಫೆಬ್ರುವರಿಯಲ್ಲಿಯೇ ಪ್ರಕಟವಾಯಿತು. ಆ ದಿನದಿಂದ ದಂಡಸಂಹಿತೆ, ದಂಡಪ್ರಕ್ರಿಯಾಸಂಹಿತೆ, ಸಾಕ್ಷ್ಯ ಅಧಿನಿಯಮ ಈ ಮೂರೂ ತಮ್ಮ ಸ್ಥಾನವನ್ನು ಹೊಸ ಸಂಹಿತೆಗಳಿಗೆ ಬಿಟ್ಟುಕೊಟ್ಟವು. ಹಿಂದೆ ನಡೆದ ಅಪರಾಧಗಳ ಮೊಕದ್ದಮೆಗಳಿಗೆ ಹಳೆಯ ಸಂಹಿತೆಯೇ ಬೇಕಾದುದರಿಂದ ವಕೀಲರಿಗೆ ಆ ಗ್ರಂಥಗಳ ಪ್ರಯೋಜನವು ಪೂರ್ಣವಾಗಿ ತಪ್ಪಲಿಲ್ಲ. ಆದರೆ ಪರೀಕ್ಷೆಗೆ ಓದುವ ವಿದ್ಯಾರ್ಥಿಯು ಬೇಗನೆ ಹೊಸದರತ್ತ ತಿರುಗಿದನು. ಇಲ್ಲಿ ಗಮನಿಸತಕ್ಕದ್ದೇನೆಂದರೆ, ಈ ಬದಲಾವಣೆಯು ಮುನ್ಸೂಚನೆಯಿಲ್ಲದೆ ಬರಲಿಲ್ಲ. ವೃತ್ತಪತ್ರಿಕೆಯನ್ನು ಓದುವವನಿಗೆ ತನ್ನ ದಾಸ್ತಾನನ್ನು ಕಡಿಮೆ ಮಾಡಿಕೊಳ್ಳಲು ನಾಲ್ಕು ತಿಂಗಳಿಗೂ ಹೆಚ್ಚು ಅವಕಾಶವಿತ್ತು. ಅಂತೆಯೇ ೧೯೬೧ರ ಆದಾಯತೆರಿಗೆ ಶಾಸನಕ್ಕೆ ಬದಲಾಗಿ ಹೊಸದು ೨೦೨೬ರ ಏಪ್ರಿಲ್ ೧ರಿಂದ ಜಾರಿಗೆ ಬರುವಂತೆ ೨೦೨೫ರ ಆಗಸ್ಟ್ ತಿಂಗಳಲ್ಲಿಯೇ ವಿಧಿಸಲ್ಪಟ್ಟಿತು. ಹಳೆಯ ಪುಸ್ತಕವನ್ನು ಮಾರುವವನು ಹೊಸ ಸುದ್ದಿಯನ್ನು ಓದಲೇಬೇಕು.

ಆಯುಷ್ಯವು ಮುಗಿಯದ ಪುಸ್ತಕಗಳೂ ಉಂಟು. ನಿಘಂಟು, ವ್ಯಾಕರಣ, ಕಾವ್ಯ, ಕಾದಂಬರಿ, ಬಹುಕಾಲದಿಂದ ಅಚ್ಚಿನಲ್ಲಿಲ್ಲದ ಗ್ರಂಥಗಳು ಇವೇ ಆ ಬಗೆ. ಇವು ನಿಧಾನವಾಗಿ ಹೋಗುವವು, ಆದರೆ ಹೋದಾಗ ಒಳ್ಳೆಯ ಬೆಲೆಯನ್ನು ತರುವವು. ಇಂತಹವುಗಳನ್ನೇ ನಂಬಿ ಬಾಳಬೇಕಾದರೆ ಕಡಿಮೆ ಬಾಡಿಗೆಯ ಸ್ಥಳ, ದೊಡ್ಡ ಬಂಡವಲು, ಗ್ರಂಥಪರಿಚಯ, ದೂರದೂರದ ಗಿರಾಕಿಗಳ ಬಳಕೆ ಇವೆಲ್ಲ ಬೇಕು. ಸಣ್ಣ ಮಳಿಗೆಯವನು ಹತ್ತು ಹಲಗೆಗಳಲ್ಲಿ ಒಂದನ್ನು ಇವುಗಳಿಗೆ ಮೀಸಲಾಗಿಡಬಹುದು. ಉಳಿದ ಒಂಬತ್ತೂ ಓಡುವ ಕುದುರೆಗಳಾಗಿರಬೇಕು.

ಈ ವಿವೇಚನೆಯೆಲ್ಲ ನಡೆಯಬೇಕಾದರೆ ಬರಹವಿರಬೇಕು. ಇಟಲಿಯ ಲೂಕಾ ಪಾಚೋಲಿ ಎಂಬ ಪಂಡಿತನು ೧೪೯೪ರಲ್ಲಿ ವೆನಿಸ್ ಪಟ್ಟಣದಲ್ಲಿ ಅಚ್ಚಾದ ತನ್ನ ಗಣಿತಗ್ರಂಥದಲ್ಲಿ ಜಮಾಖರ್ಚಿನ ಪದ್ಧತಿಯನ್ನು ವಿವರಿಸಿರುವನು. ವರ್ತಕನು ಎಲ್ಲಕ್ಕಿಂತ ಮೊದಲು ತನ್ನಲ್ಲಿರುವ ಸಕಲ ವಸ್ತುಗಳ ಪಟ್ಟಿಯನ್ನು ಬರೆಯತಕ್ಕದ್ದೆಂಬುದೇ ಅವನ ಪ್ರಥಮೋಪದೇಶ. ಏನಿದೆಯೆಂಬುದನ್ನು ಅರಿಯದವನಿಗೆ ಏನು ಬಂದಿತು, ಏನು ಹೋಯಿತು ಎಂಬುದು ತಿಳಿಯುವ ಬಗೆ ಹೇಗೆ?

ಸಣ್ಣ ಮಳಿಗೆಗೆ ಭಾರಿ ಲೆಕ್ಕಪುಸ್ತಕಗಳು ಬೇಕಿಲ್ಲ. ಪ್ರತಿ ಪುಸ್ತಕದ ಕೊನೆಯ ಪುಟದ ಮೂಲೆಯಲ್ಲಿ ಸೀಸದಕಡ್ಡಿಯಿಂದ ಕೊಂಡ ತಿಂಗಳನ್ನೂ ಕೊಂಡ ಬೆಲೆಯನ್ನೂ ಗುರುತಿಸಿದರೆ ಅರ್ಧ ಕೆಲಸವಾಯಿತು. ಬೆಲೆಯು ಗಿರಾಕಿಗೆ ತಿಳಿಯಬಾರದೆಂದಿದ್ದರೆ ಹತ್ತು ಬೇರೆ ಬೇರೆ ಅಕ್ಷರಗಳನ್ನು ಹತ್ತು ಅಂಕಿಗಳಿಗೆ ಸಂಕೇತವಾಗಿಟ್ಟುಕೊಳ್ಳುವುದು ವರ್ತಕರಲ್ಲಿ ಹಳೆಯ ರೂಢಿ. ಇದರ ಜೊತೆಗೆ ಒಂದು ದಿನದ ಕಿರ್ದಿ. ಬಂದದ್ದು, ಹೋದದ್ದು, ಉದ್ರಿ ಕೊಟ್ಟದ್ದು ಅದರಲ್ಲಿ ಬೀಳಬೇಕು. ತಿಂಗಳ ಕೊನೆಯ ದಿನ ಒಂದು ಗಂಟೆಯ ಕಾಲ ಹಲಗೆಗಳನ್ನು ನೋಡಿ, ನಾಲ್ಕು ತಿಂಗಳು ಮೀರಿದ ಪುಸ್ತಕದ ಬೆಲೆಯನ್ನು ಸ್ವಲ್ಪ ಇಳಿಸಬೇಕು. ಎಂಟು ತಿಂಗಳು ಮೀರಿದ್ದನ್ನು ಕೊಂಡ ಬೆಲೆಗೇ ಬಿಡಬೇಕು. ವರುಷ ಮೀರಿದ್ದನ್ನು ಕಟ್ಟುಕಟ್ಟಾಗಿ ಸಿಕ್ಕ ಬೆಲೆಗೆ ಕೊಡಬೇಕು, ಇಲ್ಲವೆ ಯಾವುದಾದರೂ ಊರಿನ ವಾಚನಾಲಯಕ್ಕೆ ದಾನಮಾಡಬೇಕು. ಯಾರಿಗೂ ಬೇಡವಾದದ್ದನ್ನು ರದ್ದಿಗೆ ಹಾಕಬೇಕು. ರದ್ದಿಗೆ ಹಾಕುವಾಗ ಕರುಳು ಹಿಂಡಿದಂತಾಗುವುದು ನಿಜ. ಆದರೆ ನಷ್ಟವಾದದ್ದು ರದ್ದಿಗೆ ಹಾಕಿದ ದಿನವಲ್ಲ, ಯೋಚಿಸದೆ ಕೊಂಡ ದಿನ.

ಬೆಲೆಯನ್ನು ಇಳಿಸುವುದಕ್ಕೂ ಒಂದು ಹದವುಂಟು. ಓಡುವ ಪುಸ್ತಕಗಳ ಬೆಲೆಯನ್ನೂ ಗಿರಾಕಿಯ ಚೌಕಾಸಿಗೆ ಮಣಿದು ಇಳಿಸುತ್ತ ಹೋದರೆ ಏನಾಗುವುದೆಂಬುದನ್ನು ಮೇಲಿನ ಲೆಕ್ಕದಿಂದಲೇ ತಿಳಿಯಬಹುದು. ೨೦೦ರ ಪುಸ್ತಕವನ್ನು ೧೮೦ಕ್ಕೆ ಕೊಟ್ಟರೆ ಇಳಿದದ್ದು ನೂರಕ್ಕೆ ಹತ್ತು ಮಾತ್ರ. ಆದರೆ ಉಳಿತಾಯವು ೮೦ರಿಂದ ೬೦ಕ್ಕೆ ಇಳಿಯಿತು. ಮೊದಲಿನ ಸಂಪಾದನೆಯೇ ಬರಬೇಕಾದರೆ ೩೭೫ರ ಬದಲು ೫೦೦ ಪುಸ್ತಕಗಳನ್ನು ಮಾರಬೇಕು. ಕೂತುಹೋದ ಸರಕಿಗೆ ಬೆಲೆ ಇಳಿಸುವುದು ವಿವೇಕ; ಓಡುವ ಸರಕಿಗೆ ಬೆಲೆ ಇಳಿಸುವುದು ಸಂಕೋಚದ ಫಲ.

ಇನ್ನು ಕೊಳ್ಳುವ ಬೆಲೆಯ ಧರ್ಮವನ್ನು ಕುರಿತು ಎರಡು ಮಾತು. ೧೨೦ಕ್ಕೆ ಬದಲಾಗಿ ೧೦೦ಕ್ಕೆ ಕೊಂಡರೆ ೩೦೦ ಪುಸ್ತಕಗಳ ಮಾರಾಟವೇ ಸಾಕಾಗುವುದು. ಈ ಲೆಕ್ಕವನ್ನು ಅರಿತ ವ್ಯಾಪಾರಿಗೆ ಮಾರಲು ಬಂದವನನ್ನು ಹಿಂಡುವ ಆಶೆಯುಂಟಾಗುವುದು. ಮಾರಲು ಬರುವವರು ಯಾರು? ಬಸ್ಸಿನ ಖರ್ಚಿಗಾಗಿ ಪುಸ್ತಕವನ್ನು ಮಾರುವ ವಿದ್ಯಾರ್ಥಿ. ಗಂಡನು ತೀರಿಕೊಂಡ ಮೇಲೆ ಅವನ ಪ್ರೀತಿಯ ಗ್ರಂಥಗಳನ್ನು ಚೀಲದಲ್ಲಿ ಹೊತ್ತುತಂದ ತಾಯಿ. ಆಕೆಗೆ ಆ ಚೀಲದಲ್ಲಿ ಏನಿದೆಯೆಂಬುದು ತಿಳಿಯದು; ವ್ಯಾಪಾರಿಗೆ ತಿಳಿಯುವುದು. ಅಪರೂಪದ ಗ್ರಂಥವೊಂದು ಕಣ್ಣಿಗೆ ಬಿದ್ದಾಗ ಅದನ್ನು ತೂಕದ ಕಾಗದದ ಬೆಲೆಗೆ ಇಳಿಸಿಕೊಳ್ಳುವುದಕ್ಕೆ ಕಾನೂನಿನ ಅಡ್ಡಿಯಿಲ್ಲದಿರಬಹುದು. ಆದರೆ "ತಾಯೀ, ಇದೊಂದಕ್ಕೆ ಬೇರೆ ಬೆಲೆಯುಂಟು" ಎಂದು ಹೇಳಿದವನ ಮಳಿಗೆಗೆ ಆಕೆಯ ನೆಂಟರಿಷ್ಟರ ಮನೆಗಳ ಪುಸ್ತಕಗಳೂ ಬರುವವು. ಸರಕು ತಾನಾಗಿ ಹುಡುಕಿಕೊಂಡು ಬರುವುದೇ ಈ ವ್ಯಾಪಾರದ ನಿಜವಾದ ಬಂಡವಲು, ಅದು ನಂಬಿಕೆಯಿಂದಲ್ಲದೆ ದೊರೆಯದು. ಹಿಂಡಿ ಕೊಳ್ಳುವುದರಿಂದಲ್ಲ, ಆರಿಸಿ ಕೊಳ್ಳುವುದರಿಂದ ಲಾಭವನ್ನು ಹೆಚ್ಚಿಸಿಕೊಳ್ಳಬೇಕು.

ಮರಳಿ ಕೊಳ್ಳುವ ಪದ್ಧತಿಯು ಇಂತಹ ನಂಬಿಕೆಗೆ ಒಳ್ಳೆಯ ಸಾಧನ. ೫೦೦ ರೂಪಾಯಿಯ ಪುಸ್ತಕವನ್ನು ವಿದ್ಯಾರ್ಥಿಗೆ ೨೦೦ಕ್ಕೆ ಕೊಟ್ಟು, ಪಠ್ಯಕ್ರಮವು ಬದಲಾಗದಿದ್ದರೆ ವರುಷದ ಕೊನೆಗೆ ಕೆಡದಂತೆ ತಂದಲ್ಲಿ ೧೦೦ಕ್ಕೆ ತೆಗೆದುಕೊಳ್ಳುವೆನೆಂದು ಮಾತುಕೊಡುವುದು. ಆ ವಿದ್ಯಾರ್ಥಿಗೆ ವರುಷದ ಓದಿಗೆ ತಗಲಿದ್ದು ನೂರೇ ರೂಪಾಯಿ. ವ್ಯಾಪಾರಿಗೆ ಮೊದಲ ಮಾರಾಟದಲ್ಲಿ ೮೦, ಮರುವರುಷ ಅದೇ ಪುಸ್ತಕವನ್ನು ೧೮೦ಕ್ಕೆ ಮಾರಿದಾಗ ಮತ್ತೆ ೮೦. ಸರಕು ಹುಡುಕುವ ಶ್ರಮವೂ ಇಲ್ಲ. ಪುಸ್ತಕವು ಒಂದು, ಓದಿದವರು ಇಬ್ಬರು, ನಷ್ಟಪಟ್ಟವರು ಯಾರೂ ಇಲ್ಲ.

ಕೊಳ್ಳುವಾಗ ವಹಿಸತಕ್ಕ ಎಚ್ಚರಿಕೆಗಳು ಮತ್ತೂ ಕೆಲವುಂಟು. ಪುಟಗಳನ್ನು ತಿರುವಿ ನೋಡದೆ ಕೊಳ್ಳಲಾಗದು. ಕೊನೆಯ ಅಧ್ಯಾಯವಿಲ್ಲದ ಪುಸ್ತಕವು ಪರೀಕ್ಷೆಯ ಹಿಂದಿನ ರಾತ್ರಿ ಒಬ್ಬ ಹುಡುಗನ ಶಾಪವನ್ನು ತರುವುದು. ಗ್ರಂಥಾಲಯದ ಮುದ್ರೆಯಿದ್ದು, ವಿಲೇವಾರಿ ಮಾಡಿದ ಗುರುತಿಲ್ಲದ ಪುಸ್ತಕವನ್ನು ಮುಟ್ಟಲಾಗದು. ಕಳವಿನ ಮಾಲೆಂದು ತಿಳಿದೂ ತಿಳಿದೂ ಕೊಳ್ಳುವುದು ಶಿಕ್ಷಾರ್ಹವಾದ ಅಪರಾಧ. ಕಳ್ಳ ಅಚ್ಚಿನ ಪ್ರತಿಗಳ ವಿಷಯವೂ ಹೀಗೆಯೇ. ನ್ಯಾಯವಾಗಿ ಒಮ್ಮೆ ಮಾರಾಟವಾದ ಪ್ರತಿಯನ್ನು ಮತ್ತೆ ಮಾರಲು ೧೯೫೭ರ ಕೃತಿಸ್ವಾಮ್ಯ ಶಾಸನವು ಅಡ್ಡಿಮಾಡುವುದಿಲ್ಲ. ಆದರೆ ಕದ್ದು ಅಚ್ಚುಹಾಕಿದ ಪ್ರತಿಗೆ ಆ ರಕ್ಷಣೆಯಿಲ್ಲ. ಕೊಂಡ ಮೇಲೆ ಮಳೆ, ಗೆದ್ದಲು, ಇಲಿ ಇವು ಮೂರೂ ಬಾಡಿಗೆ ಕೊಡದ ಪಾಲುದಾರರು. ಕೆಳಗಿನ ಹಲಗೆಯು ನೆಲದಿಂದ ಒಂದು ಗೇಣಾದರೂ ಮೇಲಿರಬೇಕು.

ಕೊನೆಯದಾಗಿ ಸಾಲದ ವಿಚಾರ. ಏಪ್ರಿಲ್ ತಿಂಗಳಲ್ಲಿ ಸರಕು ಬಂದಾಗ ಹಣವಿಲ್ಲದೆ ದಿನವಹಿ ಸಾಲಕ್ಕೆ ಕೈಚಾಚುವವರು ಬಹಳ. ೧೦,೦೦೦ ರೂಪಾಯಿಯ ಸಾಲವೆಂದು ಬರೆದುಕೊಂಡು ೯,೦೦೦ವನ್ನು ಕೈಯಲ್ಲಿಟ್ಟು, ದಿನಕ್ಕೆ ನೂರರಂತೆ ನೂರು ದಿನ ವಸೂಲುಮಾಡುವುದು ಒಂದು ಕ್ರಮ. ಬಡ್ಡಿಯು ಒಂದೇ ಸಾವಿರವೆಂದು ಸಾಲಗಾರನು ಭಾವಿಸುವನು. ಆದರೆ ಅಸಲು ದಿನದಿನಕ್ಕೆ ಕರಗುತ್ತಿರುವುದರಿಂದ ಅವನ ಕೈಯಲ್ಲಿ ಸರಾಸರಿ ಇದ್ದದ್ದು ಸುಮಾರು ೪,೫೦೦ ಮಾತ್ರ. ವರುಷದ ಲೆಕ್ಕಕ್ಕೆ ಬಡ್ಡಿಯು ನೂರಕ್ಕೆ ಸುಮಾರು ಎಂಬತ್ತಾಗುವುದು. ಬೀದಿಬದಿಯ ವ್ಯಾಪಾರಿಗಳಿಗಾಗಿ ೨೦೨೦ರಲ್ಲಿ ಆರಂಭವಾದ ಪಿ.ಎಂ. ಸ್ವನಿಧಿ ಯೋಜನೆಯಲ್ಲಿ ಒತ್ತೆಯಿಲ್ಲದೆ ಬ್ಯಾಂಕಿನ ಸಾಲವುಂಟು. ೨೦೨೫ರ ಆಗಸ್ಟ್ ತಿಂಗಳಲ್ಲಿ ಮಾಡಿದ ಬದಲಾವಣೆಯಂತೆ ಮೊದಲ ಕಂತು ೧೫,೦೦೦, ಅದನ್ನು ತೀರಿಸಿದವನಿಗೆ ೨೫,೦೦೦, ಅನಂತರ ೫೦,೦೦೦ವರೆಗೆ ದೊರೆಯತಕ್ಕದ್ದು. ಕಂತುಗಳನ್ನು ಕಾಲಕ್ಕೆ ಸರಿಯಾಗಿ ಕಟ್ಟಿದವನಿಗೆ ಬಡ್ಡಿಯಲ್ಲಿ ನೂರಕ್ಕೆ ಏಳರ ಸಹಾಯವೂ ಉಂಟು. ಬೀದಿಯಲ್ಲಿ ವ್ಯಾಪಾರ ಮಾಡುವವನೆಂಬ ಗುರುತಿನ ಪತ್ರವನ್ನು ಪಡೆದಿರುವವನು ದಿನವಹಿಯವನ ಬಾಗಿಲಿಗೆ ಹೋಗುವ ಮುನ್ನ ಬ್ಯಾಂಕಿನ ಬಾಗಿಲನ್ನು ತಟ್ಟುವುದು ಲೇಸು.

ಈಗ ಮೊದಲಿನ ಪ್ರಶ್ನೆಗೆ ಹಿಂದಿರುಗಬಹುದು. ತುಂಬಿದ ಹಲಗೆಗಳ ನಡುವೆ ಬರಿಗೈಯಲ್ಲಿ ಕುಳಿತ ಆ ವ್ಯಾಪಾರಿಯ ಲಾಭವು ಎಲ್ಲಿ ಹೋಯಿತು? ವರುಷಕ್ಕೆ ೪,೫೦೦ ಪುಸ್ತಕಗಳನ್ನು ಮಾರಿ, ಮಳಿಗೆಯ ವೆಚ್ಚವನ್ನೆಲ್ಲ ಕಳೆದು, ಅವನು ೧,೬೮,೦೦೦ ರೂಪಾಯಿಯನ್ನು ಮನೆಗೆ ಒಯ್ದನು. ಅದೆಲ್ಲವೂ ಲಾಭವೆಂದೇ ತಿಳಿದನು. ಹಲಗೆಗಳ ಮೇಲಿನ ೧,೬೦೦ ಪುಸ್ತಕಗಳಿಗೆ ಅವನು ಕೊಟ್ಟ ಬೆಲೆ ೧,೯೨,೦೦೦. ಅವುಗಳಲ್ಲಿ ೪೦,೦೦೦ ರೂಪಾಯಿ ಕೊಟ್ಟು ಕೊಂಡ ಪುಸ್ತಕಗಳು ಆ ವರುಷ ಪಠ್ಯಕ್ರಮದ ಬದಲಾವಣೆಯಿಂದ ೫,೦೦೦ದಷ್ಟೇ ಬಾಳುವಂತಾದವು. ಹೋದ ೩೫,೦೦೦ವನ್ನು ಕಳೆದರೆ ಅವನ ನಿಜವಾದ ಸಂಪಾದನೆ ೧,೩೩,೦೦೦. ಉಳಿದ ೩೫,೦೦೦ವನ್ನು ಅವನು ಅಸಲಿನಿಂದ ಉಂಡಿದ್ದನು. ವರುಷ ವರುಷವೂ ಹೀಗೆಯೇ ನಡೆದರೆ ಐದು ವರುಷಗಳಲ್ಲಿ ೧,೭೫,೦೦೦ ಹೋಯಿತು. ಬಂಡವಲೆಲ್ಲ ಬಹುಮಟ್ಟಿಗೆ ತೀರಿತು; ಕಣ್ಣಿಗೆ ಮಾತ್ರ ಹಲಗೆಗಳು ತುಂಬಿಯೇ ಇವೆ! ಯಾರೂ ಕದ್ದಿಲ್ಲ. ಎಣಿಸದಿದ್ದುದೇ ಕದ್ದದ್ದು.

ವರುಷಕ್ಕೊಮ್ಮೆ ಮೇ ತಿಂಗಳ ಕೊನೆಯಲ್ಲಿ, ಬಾಗಿಲನ್ನು ಮುಚ್ಚಿ, ಮನೆಯವರೆಲ್ಲ ಕೂಡಿ ಎಣಿಸಿ, ಪ್ರತಿ ಪುಸ್ತಕಕ್ಕೂ ಕೊಂಡ ಬೆಲೆ ಅಥವಾ ಇಂದು ಹುಟ್ಟುವ ಬೆಲೆ ಇವೆರಡರಲ್ಲಿ ಯಾವುದು ಕಡಿಮೆಯೋ ಅದನ್ನು ಬರೆದಿದ್ದರೆ ಮೊದಲ ವರುಷವೇ ಈ ಸಂಗತಿಯು ಬಯಲಾಗುತ್ತಿತ್ತು. ಮಗಳು ತಂದೆಯ ಪಕ್ಕದಲ್ಲಿ ಕುಳಿತು ಆ ಪಟ್ಟಿಯನ್ನು ಬರೆದಿದ್ದರೆ ಇನ್ನೂ ಒಳ್ಳೆಯದಾಗುತ್ತಿತ್ತು. ತನ್ನ ಫೀಜಿನ ಹಣವು ಯಾವ ಹಲಗೆಯ ಮೇಲೆ ಮಲಗಿದೆಯೆಂಬುದು ಆಕೆಗೂ ತಿಳಿಯುತ್ತಿತ್ತು. ಕೈತಪ್ಪಿದ ಕಾಲವನ್ನು ಹಿಂದಕ್ಕೆ ತರಲಾಗದು. ಆದರೆ ಎಣಿಕೆಯನ್ನು ಯಾವ ದಿನ ಬೇಕಾದರೂ ಆರಂಭಿಸಬಹುದು. ಸತ್ತ ಪುಸ್ತಕಗಳನ್ನು ಹೊರಗೆ ಹಾಕಿ, ಬಂದಷ್ಟು ಹಣದಿಂದ ಬದುಕುವ ಪುಸ್ತಕಗಳನ್ನು ಸ್ವಲ್ಪಸ್ವಲ್ಪವಾಗಿ ಕೊಂಡು, ಮೂರು ಡಬ್ಬಿಗಳ ನಿಯಮವನ್ನು ತಪ್ಪದೆ ನಡೆಸಿದರೆ ಕರಗಿದ ಬಂಡವಲು ಕ್ರಮೇಣ ಕೂಡಿಬರುವುದು.

ಕಾಯಕವು ಶುದ್ಧವಾಗಿರಬೇಕೆಂಬುದು ಈ ಸಭೆಯಲ್ಲಿರುವವರಿಗೆ ಹೊಸದಾಗಿ ಹೇಳಬೇಕಾದ ಮಾತಲ್ಲ. ಶುದ್ಧಿಯೆಂದರೆ ಅನ್ಯರನ್ನು ವಂಚಿಸದಿರುವುದೆಂದು ಎಲ್ಲರೂ ಬಲ್ಲರು. ತನ್ನನ್ನು ತಾನು ವಂಚಿಸಿಕೊಳ್ಳದಿರುವುದೂ ಅದರಲ್ಲಿ ಸೇರಿದೆ. ಲೆಕ್ಕವನ್ನಿಡದ ವ್ಯಾಪಾರಿಯು ಎಷ್ಟೇ ಸತ್ಯವಂತನಾಗಿದ್ದರೂ ತನ್ನ ಹೆಂಡಿರು ಮಕ್ಕಳಿಗೆ ಸುಳ್ಳು ಭರವಸೆಯನ್ನು ಕೊಡುತ್ತಿರುವನು. ಅವನ ಮಳಿಗೆಯು ಮುಚ್ಚಿದ ಮರುವರುಷ ಜೂನ್ ತಿಂಗಳಲ್ಲಿ, ಚೀಟಿಯನ್ನು ಹಿಡಿದು ತಂದೆಯೊಡನೆ ಬಂದ ಹುಡುಗನು ಮುಚ್ಚಿದ ಬಾಗಿಲನ್ನು ನೋಡಿ ಹಿಂದಿರುಗುವನು. ಆ ಬಾಗಿಲು ತೆರೆದೇ ಇರಲಿ. ಅದರೊಳಗೆ ಒಂದು ಸೀಸದಕಡ್ಡಿಯೂ ಒಂದು ಕಿರ್ದಿಯೂ ಇರಲಿ.